ಹಲಗೆಗೊಂದು ಗುಂಡು

ವೇವಿ ಮುದುಕಿ ಸಾಯುವುದಕ್ಕೆ ಆ ಮಂಗಳವಾರ ಮಧ್ಯಾಹ್ನವನ್ನೇ ಆರಿಸಿಕೊಂಡಳು. ಬದುಕಿದ್ದಾಗಲೂ ಅವಳು ಹಾಗೆಯೇ, ಯಾರಾದರೂ ಮುಖ್ಯವಾದ ಕೆಲಸಕ್ಕೆ ಹೊರಟಾಗಲೇ ಕಿಟಕಿ ತೆಗೆದು ಕೂಗುವವಳು. ಅವಳ ಎದುರು ಮನೆಯಲ್ಲಿ ನನ್ನ ಅಣ್ಣ ವಿಗಿಲ್ ಅಡುಗೆಮನೆಯ ಮೇಜಿನ ಮೇಲೆ ಕೋವಿಯ ನಳಿಗೆ ಬದಲಿಸಿ, ಕೊನೆಯ ಸ್ಕ್ರೂ ಬಿಗಿದು, ಜೇಬಿಗೆ ತೋಟಾ ಹಾಕಿಕೊಂಡು ಹಿತ್ತಿಲ ಬಾಗಿಲು ತೆರೆದಿದ್ದ. ಅಷ್ಟರಲ್ಲಿ ಚರ್ಚಿನ ಸಾವಿನ ಗಂಟೆ ಹೊಡೆದುಕೊಂಡಿತು. ವಿಗಿಲ್ ಬಾಗಿಲು ಮುಚ್ಚಿ, ಕೋವಿಯನ್ನು ಮೂಲೆಗೆ ಒರಗಿಸಿ, ಟೋಪಿ ತೆಗೆದ. ಇದೆಲ್ಲ ನನಗೆ ಗೊತ್ತಾದದ್ದು ಮರುದಿನ, ಅದೂ ಅವನ ಕೊರಳಪಟ್ಟಿ ಹಿಡಿದು ಕೇಳಿದ ಮೇಲೆ.

ಆ ಕೋವಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಕೋವಿ ಒಂದು, ನಳಿಗೆ ಎರಡು, ಗಂಡುಮಕ್ಕಳು ಇಬ್ಬರು. ಅಪ್ಪ ಸಾಯುವ ಮುಂಚೆ ಹಂಚಿ ಮುಗಿಸಿದ. ದಪ್ಪ ನಳಿಗೆ ದೊಡ್ಡವನಾದ ವಿಗಿಲ್‌ಗೆ, ಸಣ್ಣ ನಳಿಗೆ ಚಿಕ್ಕವನಾದ ಕಾಸಿಯಾನ್‌ಗೆ. ಮರದ ಹಿಡಿ, ಬೋಲ್ಟು, ಗುಂಡು ಹಾರಿಸಲು ಒತ್ತುವ ಕುದುರೆ, ಅದೆಲ್ಲ ಇಬ್ಬರಿಗೂ ಸೇರಿದ್ದು. ನಡುವೆ ಹುಟ್ಟಿದ ನನಗೆ ಕೊಟ್ಟದ್ದು ನಾಯಿ. ಅಂದು ನನಗೆ ಸಿಟ್ಟು ಬಂದಿತ್ತು. ಆದರೆ ಅಪ್ಪ ಪೆದ್ದನಲ್ಲ. ಅಣ್ಣತಮ್ಮಂದಿರು ಎಷ್ಟೇ ಕಚ್ಚಾಡಿಕೊಂಡರೂ ನಳಿಗೆ ಬದಲಿಸುವುದಕ್ಕಾದರೂ ಒಂದೇ ಮೇಜಿಗೆ ಬರಲಿ ಎಂದು ಅವನ ಲೆಕ್ಕ. ನಾಯಿಯ ಲೆಕ್ಕವೂ ತಪ್ಪಲಿಲ್ಲ. ಆ ನಾಯಿಯ ಮೊಮ್ಮಗಳ ಮಗಳು ಝೆಂಟಾ ಈಗ ನನ್ನ ಜೊತೆಗಿದ್ದಾಳೆ. ಮೇಲಿನ ಕಣಿವೆಯಿಂದ ಕೆಳಗಿನ ಸೇತುವೆಯವರೆಗೆ ಯಾರೇ ಪ್ರಾಣಿಗೆ ಗುಂಡು ಹೊಡೆದು ಅದು ಗಾಯಗೊಂಡು ಓಡಿದರೆ ಮೊದಲು ಬರುವ ಫೋನು ನನಗೆ. ನಾನು ಝೆಂಟಾಳನ್ನು ಉದ್ದ ಹಗ್ಗಕ್ಕೆ ಕಟ್ಟಿ ಆ ರಕ್ತದ ಜಾಡು ಹಿಡಿದು ಹೋಗುತ್ತೇನೆ. ಯಾವುದು ಎಲ್ಲಿ ತಾಗಿತು, ಯಾರ ತಪ್ಪು, ಎಲ್ಲವನ್ನೂ ಕಂಡದ್ದು ಕಂಡಂತೆ ಹೇಳುತ್ತೇನೆ. ಅದಕ್ಕೇ ಅರ್ಧ ಕಣಿವೆಗೆ ನನ್ನನ್ನು ಕಂಡರಾಗದು. ಆದರೂ ನಾಯಿ ಹಿಡಿದ ನೊಟ್‌ಬುರ್ಗಾ ಸುಳ್ಳು ಹೇಳಿದಳು ಎಂದು ಈವರೆಗೆ ಯಾರೂ ಅಂದಿಲ್ಲ.

ನಳಿಗೆ ಬದಲಿಸುವುದು ದೊಡ್ಡ ವಿದ್ಯೆಯೇನಲ್ಲ. ಬೋಲ್ಟು ಹಿಂದಕ್ಕೆಳೆದು ತೆಗೆದಿಡು, ಅಲೆನ್ ಕೀ ಹಾಕಿ ಮರದ ಕೆಳಗಿನ ಸ್ಕ್ರೂಗಳನ್ನು ಸಡಿಲಿಸು, ನಳಿಗೆಯನ್ನು ಮುಂದಕ್ಕೆ ಎಳೆ, ಇನ್ನೊಂದನ್ನು ಕೂರಿಸು, ಮುಂದಿನ ಸ್ಕ್ರೂ ಮೊದಲು, ಹಿಂದಿನದು ಆಮೇಲೆ, ಬಿಗಿ. ಪ್ರತಿ ನಳಿಗೆಗೂ ಗುರಿ ನೋಡಲು ಅದರದ್ದೇ ಆದ ದುರ್ಬೀನು, ಅದನ್ನೂ ಮೇಲೆ ಕೂರಿಸು. ಇಷ್ಟಾದರೂ ಕೂದಲೆಳೆಯಷ್ಟು ಓರೆ ಕೂತರೂ ಗುಂಡು ಎಲ್ಲಿಗೋ ಹೋಗುತ್ತದೆ. ಅದಕ್ಕೇ ಅಪ್ಪನ ಕಟ್ಟಳೆ: ನಳಿಗೆ ಬದಲಾದ ಮೇಲೆ ಕೊಟ್ಟಿಗೆಯ ಹಿಂದಿನ ಹಲಗೆಗೆ ಒಂದು ಗುಂಡು. ಹೊಡೆದವನು ಹಲಗೆಯವರೆಗೆ ನಡೆದುಕೊಂಡು ಹೋಗಬೇಕು, ತೂತಿಗೆ ಬೆರಳು ಹಾಕಿ ನೋಡಬೇಕು, ವಾಪಸು ಬರಬೇಕು. ಕಣ್ಣನ್ನು ನಂಬುವವನು ಅಪ್ಪನ ಲೆಕ್ಕದಲ್ಲಿ ಸೋಮಾರಿ. ತೂತು ನಡುವೆ ಇದ್ದರೆ ಕೆಲಸ ಮುಗಿಯಿತು. ಆಚೀಚೆ ಇದ್ದರೆ ದುರ್ಬೀನಿನ ಗುಂಡಿಯನ್ನು ಸ್ವಲ್ಪ ತಿರುಗಿಸಿ ಮತ್ತೆ ಗುಂಡು, ಮತ್ತೆ ನಡಿಗೆ.

ಹಾಗಾಗಿ ಊರಿಗೆಲ್ಲ ಇದು ಗೊತ್ತು. ಕೊಟ್ಟಿಗೆಯ ಹಿಂದಿನಿಂದ ಒಂದೇ ಗುಂಡಿನ ಸದ್ದು ಕೇಳಿದರೆ, "ಕೋವಿ ಕೈ ಬದಲಾಯಿತು, ಸರಿಯಾಗಿಯೇ ಇದೆ" ಎಂದುಕೊಂಡು ಹಾಲು ಕರೆಯುತ್ತಾರೆ. ಎರಡೋ ಮೂರೋ ಕೇಳಿದರೆ ಹೋಟೆಲಿನಲ್ಲಿ ಆ ಸಂಜೆ ವಿಗಿಲ್‌ನ ಮಾನ ಹೋಗುತ್ತದೆ.

ಈಗ ಕಾಸಿಯಾನ್. ನನ್ನ ತಮ್ಮ, ಮರದ ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು, ಹಳ್ಳದ ಆಚೆ ದಡದ ಚಿಕ್ಕ ಮನೆಯಲ್ಲಿ ಒಬ್ಬನೇ ಇರುವವನು. ಹೋದ ವಸಂತದಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಮಾತು ಮರಳಿತು, ಕಾಲು ಮರಳಿತು. ಕೈ ಅರ್ಧ ಮಾತ್ರ ಮರಳಿತು. ಬೇಸಿಗೆಯಿಡೀ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಾನು ಬಾರ್ಲಿ ಸಾರು ಒಯ್ಯುತ್ತಿದ್ದೆ, ತಣ್ಣಗಾದದ್ದನ್ನು ವಾಪಸು ತರುತ್ತಿದ್ದೆ. ಬೈದೆ, ಗೋಗರೆದೆ, ಒಮ್ಮೆ ಬಟ್ಟಲನ್ನು ಗೋಡೆಗೆ ಎಸೆದೂ ನೋಡಿದೆ. ಅವನು ತಿರುಗಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ತಾನಾಗಿಯೇ ಕೇಳಿದ:

"ಬುರ್ಗಿ, ನನ್ ನಳಿಗೆಗೆ ಯಾರಾದ್ರೂ ಎಣ್ಣೆ ಹಾಕಿದ್ದಾರಾ?"

ಅಂದು ನಾನು ಹೊರಗೆ ಹೋಗಿ ಅವನ ಮನೆಯ ಹಿಂದೆ ನಿಂತು ಅತ್ತೆ. ಅಲ್ಲಿಂದ ಅವನು ಎದ್ದ. ರಬ್ಬರ್ ಚೆಂಡು ಹಿಸುಕಿದ, ಬಸ್ಸು ಹತ್ತಿ ಪೇಟೆಗೆ ಹೋಗಿ ಕೈಗೆ ವ್ಯಾಯಾಮ ಮಾಡಿಸಿಕೊಂಡ. ಬೇಟೆ ಸಂಘದವರು ದೊಡ್ಡ ಮನಸ್ಸು ಮಾಡಿ ನವೆಂಬರ್ ಕೊನೆಗೆ ಅವನ ಪಾಲಿಗೆ ಒಂದು ಹೆಣ್ಣು ಜಿಂಕೆ ಬರೆದುಕೊಟ್ಟರು. ಆ ದಿನ ಅವನು ವಿಗಿಲ್‌ನ ಮೇಜಿನಲ್ಲಿ ಕೂತು ನಮ್ಮಿಬ್ಬರ ಮುಖ ನೋಡುತ್ತ ಅಂದ:

"ಒಂದ್ ಮಾತು. ಈ ಕೈಯಿಂದ ಪ್ರಾಣಿಗೆ ಹಿಂಸೆ ಆಯ್ತೂ ಅಂದ್ರೆ, ಅಲ್ಲಿಗೆ ಮುಗೀತು. ನನ್ ನಳಿಗೆ ಕಳಚಿ ಇಟ್ಬಿಡ್ತೀನಿ. ಮತ್ತೆ ಕೇಳಬಾರ್ದು ನೀವು."

"ಆಯ್ತು ಮಾರಾಯ, ಮೊದಲು ಕ್ನೋಡೆಲ್ ಕಡುಬು ತಿನ್ನು," ಎಂದ ವಿಗಿಲ್. ಆದರೆ ಅವನ ಮುಖ ಬಿಳಿಚಿಕೊಂಡಿತ್ತು. ಆ ಜಿಂಕೆ ಬಿಟ್ಟರೆ ಕಾಸಿಯಾನ್‌ನನ್ನು ಹಾಸಿಗೆಯಿಂದ ಎಬ್ಬಿಸುವಂಥದ್ದು ನಮ್ಮಿಬ್ಬರ ಬಳಿಯೂ ಬೇರೇನೂ ಇರಲಿಲ್ಲ.

ಸ್ಕ್ರೂ ಬಿಗಿಯುವಷ್ಟು ಬಲ ಆ ಕೈಯಲ್ಲಿ ಇರಲಿಲ್ಲ, ಅದಕ್ಕೇ ನಳಿಗೆ ಬದಲಿಸುವ ಕೆಲಸ ವಿಗಿಲ್‌ಗೆ ಬಿತ್ತು. ಮಂಗಳವಾರ ಕಾಸಿಯಾನ್ ಪೇಟೆಯಲ್ಲಿದ್ದಾಗ ಅವನು ಬದಲಿಸಿದ. ಹಲಗೆಗೆ ಹೊಡೆಯಲು ಹೊರಟಾಗ ವೇವಿ ಸತ್ತಳು. ನಮ್ಮಲ್ಲಿ ಊರಿನೊಳಗೆ ಹೆಣವಿದ್ದರೆ ಮಣ್ಣಾಗುವವರೆಗೆ ಮನೆಗಳ ಹತ್ತಿರ ಯಾರೂ ಗುಂಡು ಹಾರಿಸುವುದಿಲ್ಲ. ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿಲ್ಲ. ವೇವಿಯನ್ನು ಜೀವಮಾನವಿಡೀ ಬೈದುಕೊಂಡ ನಾನೂ ಮೀರುತ್ತಿರಲಿಲ್ಲ.

ಸಂಜೆ ಎಲ್ಲರೂ ವೇವಿಯ ಮನೆಯಲ್ಲಿ ಜಪಸರ ಹೇಳಿದೆವು. ಬಸ್ಸಿಳಿದು ನೇರವಾಗಿ ಅಲ್ಲಿಗೇ ಬಂದ ಕಾಸಿಯಾನ್, ಹೊರಗೆ ಬಂದಾಗ ಅಣ್ಣನ ಕಿವಿಯ ಹತ್ತಿರ ಕೇಳಿದ್ದು ನನಗೂ ಕೇಳಿಸಿತು.

"ಆಯ್ತಾ?"

"ಆಯ್ತು."

"ಹಲಗೆ?"

"ಆಯ್ತು ಅಂದ್ನಲ್ಲ. ಬಾ, ತಗೊಂಡ್ಹೋಗು."

ಗಂಟೆ ಹೊಡೆಯುವ ಮುಂಚೆಯೇ ಹೊಡೆದಿರಬೇಕು ಎಂದುಕೊಂಡ ಕಾಸಿಯಾನ್. ನಾನೂ ಹಾಗೆಯೇ ಎಂದುಕೊಂಡೆ. ನಾನು ಅಂದು ಹಗಲೆಲ್ಲ ಕೆಳಗಿನ ಸೇತುವೆಯ ಹತ್ತಿರ ಯಾರದೋ ಗಾಯಗೊಂಡ ಹಂದಿಯ ಹಿಂದೆ ಅಲೆಯುತ್ತಿದ್ದೆ.

ಬುಧವಾರ ಬೆಳಿಗ್ಗೆ ಕಾಸಿಯಾನ್ ಗುಡ್ಡದ ಆಚೆ ಬದಿಗೆ, ಚರ್ಚಿನ ಗಂಟೆಯೂ ಕೇಳದ ಕಾಡಿಗೆ ಹೋದ. ನನಗೆ ಫೋನು ಬಂದಾಗ ಹೊಲದ ಬೇಲಿಯ ಮೇಲೆ ಬಿಸಿಲು ಬಿದ್ದಿತ್ತು.

"ಬುರ್ಗಿ. ನಾಯಿ ತಗೊಂಡ್ ಬಾ."

ಅಷ್ಟೇ ಅಂದದ್ದು. ದನಿಯಲ್ಲೇ ನನಗೆ ಎಲ್ಲ ತಿಳಿಯಿತು.

ಗುಂಡು ತಾಗಿದ ಜಾಗದಲ್ಲಿ ಅವನು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಹಿಮದ ಮೇಲೆ ಕತ್ತರಿಸಿದ ಕೂದಲು, ರಕ್ತ, ಮೂಳೆಯ ಚೂರು. ಮೂಳೆ ನಳಿಕೆಯಂತೆ ಟೊಳ್ಳು. ಕಾಲಿನದು. ಕೂದಲು ಗಿಡ್ಡ. ಅವನು ಗುರಿಯಿಟ್ಟದ್ದು ಭುಜದ ಹಿಂದಕ್ಕೆ, ತಾಗಿದ್ದು ಮುಂಗಾಲಿಗೆ. ನಾನು ಆ ಚೂರನ್ನು ಜೇಬಿಗೆ ಹಾಕಿಕೊಂಡೆ, ಅವನಿಗೆ ತೋರಿಸಲಿಲ್ಲ. ಅವನು ಆಗಲೇ ನೋಡಿದ್ದ.

"ಕಾಲು," ಎಂದ.

"ಹೌದು."

"ಶಿಲುಬೆಗೆರೆ ಅಲ್ಲಾಡ್ಲಿಲ್ಲ ಕಣೇ. ಆಣೆ ಮಾಡ್ತೀನಿ. ದುರ್ಬೀನಲ್ಲಿ ಕಲ್ಲಿನ ಹಾಗೆ ನಿಂತಿತ್ತು. ಕುದುರೆ ಒತ್ತಿದೆ, ಅಷ್ಟೇ." ಆಮೇಲೆ ತನ್ನ ಬಲಗೈಯನ್ನು ಬೇರೆಯವರದೇನೋ ಎಂಬಂತೆ ನೋಡಿಕೊಂಡ. "ಆದ್ರೆ ಈ ನನ್ಮಗಂದು ಏನ್ ಮಾಡತ್ತೋ ನನಗೆ ಪೂರ್ತಿ ಗೊತ್ತಾಗಲ್ಲ."

ಗಾಯಗೊಂಡ ಪ್ರಾಣಿಯನ್ನು ಕೂಡಲೇ ಬೆನ್ನಟ್ಟಬಾರದು. ಅದು ಎಲ್ಲಾದರೂ ಮಲಗಿ ಸೆಡೆತುಕೊಳ್ಳಲು ಬಿಡಬೇಕು. ಹಾಗಾಗಿ ನಾವು ಒಂದು ಬಿದ್ದ ಮರದ ಮೇಲೆ ಕೂತೆವು. ನಾನು ಬ್ರೆಡ್ಡು ಕೊಟ್ಟೆ, ಅವನು ತಿನ್ನಲಿಲ್ಲ. ಝೆಂಟಾಳ ಕಿವಿ ಸವರುತ್ತ ಕೂತ, ಎಡಗೈಯಿಂದ.

ಹೊತ್ತೇರಿದ ಮೇಲೆ ನಾನು ನಾಯಿಯನ್ನು ಜಾಡಿಗೆ ಬಿಟ್ಟೆ. ಅವಳು ಮೂಗು ನೆಲಕ್ಕೆ ಊರಿ ಹಗ್ಗ ಬಿಗಿಯಾಗುವಂತೆ ಎಳೆದಳು. ಸ್ಪ್ರೂಸ್ ತೋಪು ದಾಟಿ, ಕಲ್ಲಿನ ಇಳಿಜಾರು ದಾಟಿ, ಮತ್ತೆ ಮೇಲೆ, ಮತ್ತೆ ಕೆಳಗೆ. ಮೂರು ಕಾಲಿನ ಜಿಂಕೆ ಎಷ್ಟು ದೂರ ಹೋಗಬಲ್ಲದು ಎಂಬುದು ಅದರ ಹಿಂದೆ ನಡೆದವರಿಗೇ ಗೊತ್ತು. ಹಿಮದಲ್ಲಿ ಮೂರು ಗೊರಸಿನ ಗುರುತು, ನಾಲ್ಕನೆಯದರ ಬದಲು ಎಳೆದ ಗೆರೆ. ಎರಡು ಕಡೆ ಅದು ಮಲಗಿ ಎದ್ದಿತ್ತು. ಆ ಎರಡನೆಯ ಜಾಗ ನೋಡಿದಾಗ ನಾನು ಮುಖ ತಿರುಗಿಸಿದೆ. ಇಷ್ಟು ವರ್ಷವಾದರೂ ತಿರುಗಿಸುತ್ತೇನೆ. ತಿರುಗಿಸದ ದಿನ ನಾಯಿಯನ್ನು ಬೇರೆಯವರಿಗೆ ಕೊಟ್ಟುಬಿಡುತ್ತೇನೆ.

ಹಳ್ಳದ ಬದಿಯ ಆಲ್ಡರ್ ಪೊದೆಯಲ್ಲಿ ಝೆಂಟಾ ಅದನ್ನು ತಡೆದು ನಿಲ್ಲಿಸಿ ಬೊಗಳಿದಳು. ನಾನು ನನ್ನ ಗಿಡ್ಡ ಕೋವಿಯಿಂದ ಹತ್ತಿರದಿಂದಲೇ ಮುಗಿಸಿದೆ. ಅದರ ಬಾಯಿಗೆ ಕೊನೆಯ ತುತ್ತೆಂದು ಒಂದು ಹಸಿರು ಕೊಂಬೆ ಇಟ್ಟೆ. ಇನ್ನೊಂದು ಸ್ಪ್ರೂಸ್ ಕೊಂಬೆ ಮುರಿದು ಟೋಪಿಯ ಮೇಲಿಟ್ಟು ಕಾಸಿಯಾನ್‌ಗೆ ಚಾಚಿದೆ. ಹೊಡೆದವನು ಅದನ್ನು ತೆಗೆದುಕೊಂಡು, ಒಂದು ತುಂಡು ಮುರಿದು ಜಾಡು ಹಿಡಿದ ನಾಯಿಗೆ ಕೊಡಬೇಕು, ಉಳಿದದ್ದನ್ನು ತನ್ನ ಟೋಪಿಗೆ ಸಿಕ್ಕಿಸಿಕೊಳ್ಳಬೇಕು. ಕಾಸಿಯಾನ್ ತೆಗೆದುಕೊಂಡ. ಮುರಿಯಲಿಲ್ಲ, ಟೋಪಿಗೂ ಸಿಕ್ಕಿಸಲಿಲ್ಲ. ಕೋಟಿನ ಒಳಜೇಬಿಗೆ ಹಾಕಿಕೊಂಡ.

"ಅದೇನೋ ಅದು?" ಎಂದೆ.

"ಇರಲಿ," ಎಂದ. "ಇದು ನಂದು ಹೌದೋ ಅಲ್ವೋ ಇನ್ನೂ ಗೊತ್ತಿಲ್ಲ."

ನಾವು ಗುಡ್ಡ ಇಳಿದು ಬಂದೆವು. ಮನೆ ಸೇರಿದವನೇ ಕಾಸಿಯಾನ್ ಬೂಟು ಬಿಚ್ಚದೆ ಹಾಸಿಗೆಯ ಮೇಲೆ ಬಿದ್ದು ಗೋಡೆಯ ಕಡೆ ತಿರುಗಿದ. ಆ ಬೆನ್ನು ನೋಡಿದ್ದೇ ನನ್ನ ತಲೆ ಕೆಟ್ಟಿತು. ಕಾಲಿಗೆ ತಾಗಿದ ಗುಂಡು ಕೈ ನಡುಗಿದ್ದರಿಂದಲೂ ಆಗಬಹುದು, ನಳಿಗೆ ಸರಿಯಾಗಿ ಕೂರದ್ದರಿಂದಲೂ ಆಗಬಹುದು. ನಾನು ಹಳ್ಳದ ಮೇಲಿನ ಕಾಲುಸಂಕ ದಾಟಿ ನೇರವಾಗಿ ವಿಗಿಲ್‌ನ ಕೊಟ್ಟಿಗೆಗೆ ನಡೆದೆ. ಅವನು ಹಸುವಿನ ಕೆಳಗೆ ಸೆಗಣಿ ಬಾಚುತ್ತಿದ್ದ.

"ನಿನ್ನೆ ಹಲಗೆಗೆ ಎಷ್ಟು ಹೊತ್ತಿಗೆ ಹೊಡೆದೆ?"

"ಯಾಕೆ?"

"ಎಷ್ಟು ಹೊತ್ತಿಗೆ ಅಂದೆ."

ಅವನು ಸಲಿಕೆ ನೋಡಿದ, ಹಸು ನೋಡಿದ, ನನ್ನನ್ನು ಮಾತ್ರ ನೋಡಲಿಲ್ಲ. ಆಗಲೇ ನಾನು ಕೊರಳಪಟ್ಟಿ ಹಿಡಿದದ್ದು. ವೇವಿಯ ಗಂಟೆ, ಮುಚ್ಚಿದ ಬಾಗಿಲು, ಎಲ್ಲ ಹೊರಬಂತು.

"ಹಾಗಂತ ಹೇಳೋಕೇನಾಗಿತ್ತು ನಿನಗೆ, ಕತ್ತೆ! ಹಲಗೆಗೆ ಹೊಡೆದಿಲ್ಲ ಕಣೋ, ಜೋಪಾನ ಅಂತ ಒಂದ್ ಮಾತು!"

"ಹೇಳಿದ್ರೆ ಹೋಗ್ತಿದ್ನಾ ಅವನು? ಅಪ್ಪನ ಕಟ್ಟಳೆ ಮುರೀತಾನಾ? ಗುರುವಾರ ಮಣ್ಣು, ಶುಕ್ರವಾರದಿಂದ ಭಾರಿ ಹಿಮ ಬೀಳತ್ತೆ, ಗುಡ್ಡದ ದಾರಿ ಮುಚ್ಚತ್ತೆ ಅಂತ ರೇಡಿಯೋ. ಮತ್ತೆ ಮುಂದಿನ ವರ್ಷ. ಅವನ ಮುಖ ನೋಡಿದ್ಯಲ್ಲ ನೀನು ಮೊನ್ನೆ. ಜಪಸರದಲ್ಲೂ ನಗ್ತಾ ಇದ್ದ, ಸತ್ತೋರ ಮುಂದೆ! ಆ ಮುಖಕ್ಕೆ ನಾನೇನಂತ ಹೇಳ್ಲಿ?" ಅವನು ಸಲಿಕೆಯನ್ನು ನೆಲಕ್ಕೆ ಕುಟ್ಟಿದ. "ಮೂವತ್ತು ವರ್ಷದಿಂದ ಆ ಸ್ಕ್ರೂ ಬಿಗೀತಿದ್ದೀನಿ. ಕಣ್ಣು ಮುಚ್ಚಿ ಬಿಗೀತೀನಿ. ಯಾವತ್ತೂ ಒಂದು ಬೆರಳು ಆಚೆ ಹೋಗಿಲ್ಲ."

"ಈಗ ಹೋಗಿದೆ. ಒಂದು ಜಿಂಕೆ ಬೆಳಿಗ್ಗೆಯಿಡೀ ಮೂರು ಕಾಲಲ್ಲಿ ಓಡಿದೆ."

ಅವನು ಸಲಿಕೆಯ ಹಿಡಿಗೆ ಹಣೆ ಒರಗಿಸಿ ನಿಂತ. ನನಗೆ ಕರುಣೆ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಂತೋಷವಾಗಿತ್ತು. ತಪ್ಪು ಸ್ಕ್ರೂವಿನದು, ಅಣ್ಣನದು, ವೇವಿಯದು. ತಮ್ಮನ ಕೈಯದಲ್ಲ.

ನಾನು ಓಡಿಕೊಂಡೇ ಹಳ್ಳ ದಾಟಿದೆ. ಈ ವಯಸ್ಸಿನಲ್ಲಿ, ಹಿಮದಲ್ಲಿ, ಓಡಿದೆ. ಕಾಸಿಯಾನ್‌ನ ಬೆನ್ನಿಗೆ ಎಲ್ಲ ಹೇಳಿದೆ. ಅವನು ಮೆಲ್ಲಗೆ ತಿರುಗಿದ. ಎದ್ದು ಕೂತ.

"ಹೊಡೆದೇ ಇರ್ಲಿಲ್ವಾ?"

"ಹೊಡೆದೇ ಇರ್ಲಿಲ್ಲ."

"ಹಂಗಾದ್ರೆ ನಳಿಗೆ ಸರಿಯಾಗಿ ಕೂತಿರ್ಲಿಕ್ಕಿಲ್ಲ."

"ಅದನ್ನೇ ನಾನು ಹೇಳ್ತಿರೋದು!"

ಅವನು ನಕ್ಕ. ವಸಂತದ ನಂತರ ಅಂಥ ನಗೆಯನ್ನು ನಾನು ಕಂಡಿರಲಿಲ್ಲ. ವಿಗಿಲ್‌ನನ್ನು ಬೈದ, ಕೆಟ್ಟ ಕೆಟ್ಟ ಮಾತುಗಳಿಂದ, ಬಹಳ ಪ್ರೀತಿಯಿಂದ. ಬೂಟು ಬಿಚ್ಚಿದ. ನಾನು ತಂದ ಸಾರನ್ನು ಕುಡಿದು ಇನ್ನಷ್ಟು ಕೇಳಿದ. ಕೋವಿಯನ್ನು ಯಾರೂ ಮುಟ್ಟಬಾರದು, ಹೇಗಿದೆಯೋ ಹಾಗೆಯೇ ಇರಲಿ, ನಾಳೆ ವೇವಿ ಮಣ್ಣಾದ ಮೇಲೆ ವಿಗಿಲ್ ಹಲಗೆಗೆ ಹೊಡೆದು ನೋಡಲಿ ಎಂದ. ನಾನೇ ಆ ಕೋವಿಯನ್ನು ಅಣ್ಣನ ಮನೆಗೆ ಹೊತ್ತು ತಂದೆ.

"ನೀನೂ ಬಾ ನೋಡೋಕೆ," ಎಂದಿದ್ದೆ ಅವನಿಗೆ.

"ನಾನ್ಯಾಕೆ? ಇಲ್ಲೇ ಬೆಂಚಿನ ಮೇಲೆ ಕೂತು ಎಣಿಸ್ತೀನಿ. ಎಷ್ಟು ಗುಂಡು ಬೇಕಾಯ್ತು ಅಂತ ಹೋಟ್ಲಲ್ಲಿ ಹೇಳಿ ಅವನ ಮಾನ ಕಳೀಬೇಕಲ್ಲ."

ತಮಾಷೆಯಾಗಿಯೇ ಅಂದ. ಆದರೆ ಬರಲು ಅವನಿಗೆ ಭಯವಿತ್ತು. ಅದು ನನಗೂ ಗೊತ್ತಿತ್ತು.

ಗುರುವಾರ ವೇವಿಯನ್ನು ಹೂಳಿದೆವು. ಪಾದ್ರಿಗಳು ಅವಳನ್ನು ಶಾಂತ ಸ್ವಭಾವದವಳು ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮಣ್ಣು ಹಾಕಿ ಎಲ್ಲರೂ ಹೋಟೆಲಿಗೆ ಊಟಕ್ಕೆ ಹೊರಟರು. ನಾನೂ ವಿಗಿಲ್ಲೂ ಊಟ ಬಿಟ್ಟು ಮನೆಗೆ ಬಂದೆವು. ಅವನು ಕರಿಕೋಟನ್ನೂ ಬಿಚ್ಚಲಿಲ್ಲ. ಕೊಟ್ಟಿಗೆಯ ಹಿಂದೆ ಮರಳಿನ ಚೀಲದ ಮೇಲೆ ಕೋವಿ ಒರಗಿಸಿ, ಮಲಗಿ, ಉಸಿರು ಹಿಡಿದು ಹೊಡೆದ. ಸದ್ದು ಗುಡ್ಡಕ್ಕೆ ಬಡಿದು ವಾಪಸು ಬಂತು.

ನಡೆದೆವು. ಹಿಮ ಮೊಣಕಾಲಿನವರೆಗೆ ಇತ್ತು, ಹಾಗಾಗಿ ಹೊತ್ತು ಹಿಡಿಯಿತು. ಹಲಗೆಯ ನಡುವೆ ಅಪ್ಪ ಬಳಿದ ಕರಿಯ ಬೊಟ್ಟಿದೆ. ನಾವು ವರ್ಷವರ್ಷ ಅದರ ಮೇಲೆ ಮತ್ತೆ ಬಣ್ಣ ಬಳಿಯುತ್ತೇವೆ.

ತೂತು ಬೊಟ್ಟಿನ ನಟ್ಟನಡುವೆ ಇತ್ತು.

ವಿಗಿಲ್ ಬೆರಳು ಹಾಕಿದ. ತೆಗೆಯಲಿಲ್ಲ. ಹಳೆಯ ತೂತು ಇರಬಹುದೆಂದು ನಾನು ಬಗ್ಗಿ ನೋಡಿದೆ. ಅಂಚಿನ ಮರ ಹೊಸದಾಗಿ ಸೀಳಿ ಬೆಳ್ಳಗಿತ್ತು. ಯಾವ ಅನುಮಾನಕ್ಕೂ ಜಾಗವಿರಲಿಲ್ಲ. ಕೋವಿ ಸರಿಯಾಗಿತ್ತು. ಬುಧವಾರವೂ ಸರಿಯಾಗಿಯೇ ಇತ್ತು.

"ಹೇಳ್ಬೇಡ," ಎಂದ ವಿಗಿಲ್.

"ವಿಗಿಲ್."

"ಹೇಳ್ಬೇಡ ಬುರ್ಗಿ. ನಿನ್ ಕಾಲಿಗೆ ಬೀಳ್ತೀನಿ."

"ಮುಂದಿನ ವರ್ಷ ಇನ್ನೊಂದು ಜಿಂಕೆ ಕಾಲು ಮುರ್ಕೊಂಡು ಓಡತ್ತೆ. ಅದರ ಹಿಂದೆ ಹೋಗೋಳು ನಾನು, ನೀನಲ್ಲ. ಆಗೇನು ಮಾಡ್ತೀಯ?"

"ಮುಂದಿನ ವರ್ಷದ್ದು ಮುಂದಿನ ವರ್ಷ. ಈ ಚಳಿಗಾಲ ಕಳೀಲಿ. ಅವನು ಅಲ್ಲಿ ಕೂತು ಎಣಿಸ್ತಿದ್ದಾನೆ ಕಣೇ. ಒಂದೇ ಅಂದ್ರೆ ಏನರ್ಥ ಅಂತ ಅವನಿಗೆ ಗೊತ್ತು. ಮತ್ತೆ ಗೋಡೆ ಕಡೆ ತಿರುಗ್ತಾನೆ. ಈ ಸಲ ಅವನು ಏಳಲ್ಲ."

ನಾವು ಹೆಜ್ಜೆ ಕಿತ್ತಿಡುತ್ತ ಮರಳಿನ ಚೀಲದ ಬಳಿಗೆ ವಾಪಸು ಬಂದೆವು. ವಿಗಿಲ್ ಮೊಣಕಾಲೂರಿ ಕೂತ. ಬೋಲ್ಟು ಎಳೆದ, ತೋಟಾ ತಳ್ಳಿದ, ಹಲಗೆಯ ಕೆಳಗಿನ ಮಣ್ಣುಗುಡ್ಡೆಗೆ ಹೊಡೆದ. ಮತ್ತೆ ಎಳೆದ, ತಳ್ಳಿದ, ಹೊಡೆದ. ಕಣ್ಣೀರು ಇಳಿಯುತ್ತಿತ್ತು, ಅವನಿಗೆ ಗುರಿಯೂ ಬೇಕಿರಲಿಲ್ಲ. ಕೋವಿಯ ಮೇಲೆ ಕೈ ಇಟ್ಟು ತಡೆಯಬಹುದಿತ್ತು ನಾನು. ತಡೆಯಲಿಲ್ಲ. ಸುಳ್ಳನ್ನು ಬಾಯಿಂದ ಹೇಳುವವರನ್ನು ಕಂಡಿದ್ದೆ. ಕೋವಿಯಿಂದ ಹೇಳುವವನನ್ನು ಅಂದೇ ಕಂಡದ್ದು.

ಮೂರು ಗುಂಡು. ಊರು ಕೇಳಿತು. ಹೋಟೆಲಿನಲ್ಲಿ ನಕ್ಕರಂತೆ.

ಸಂಜೆ ನಾನು ಸಾವಿನೂಟದಲ್ಲಿ ಉಳಿದಿದ್ದ ಮಾಂಸದ ಸಾರನ್ನು ಪಾತ್ರೆಗೆ ತುಂಬಿಸಿಕೊಂಡು ಝೆಂಟಾಳ ಜೊತೆ ಹಳ್ಳ ದಾಟಿದೆ. ಕಾಸಿಯಾನ್ ಇನ್ನೂ ಹೊರಗೆ ಬೆಂಚಿನ ಮೇಲೆಯೇ ಕೂತಿದ್ದ, ಮೂಗು ಕೆಂಪಾಗಿತ್ತು. ಒಳಗೆ ಕರೆದೊಯ್ದು ಒಲೆಯ ಬಳಿ ಕೂರಿಸಿ ಬಡಿಸಿದೆ. ಅವನು ಎಡಗೈಯಿಂದ ಚಮಚ ಹಿಡಿದ.

"ಎಷ್ಟು ಆಚೆ ಹೋಗಿತ್ತು?" ಎಂದು ಕೇಳಿದ.

ನಾನು ಒಲೆಯ ಬಾಗಿಲು ತೆರೆದು ಕಟ್ಟಿಗೆ ಹಾಕಿದೆ. ಹಾಕುವ ಅಗತ್ಯವಿರಲಿಲ್ಲ.

"ಒಂದು ಅಂಗೈಯಷ್ಟು. ಎಡಕ್ಕೆ, ಕೆಳಕ್ಕೆ."

"ಮೂರಕ್ಕೆ ಸರಿಹೋಯ್ತಾ?"

"ಮೂರಕ್ಕೆ ಸರಿಹೋಯ್ತು."

ನನ್ನ ಕಿವಿಗೇ ಅದು ಬೇರೆ ಯಾರದೋ ದನಿಯಂತೆ ಕೇಳಿಸಿತು. ಅವನು ತಲೆಯಾಡಿಸಿದ. ಸಾರು ಕುಡಿದ. ಬಟ್ಟಲಿನ ತಳ ಬ್ರೆಡ್ಡಿನಿಂದ ಒರೆಸಿ ತಿಂದ. ಆಮೇಲೆ ಚಮಚವನ್ನು ಮೆಲ್ಲಗೆ ಕೆಳಗಿಟ್ಟ.

"ಒಂದನೇ ಗುಂಡಾದ್ಮೇಲೆ ನೀವು ನಡ್ಕೊಂಡು ಹೋಗಿ ನಡ್ಕೊಂಡು ಬಂದ್ರಿ," ಎಂದ. "ಹಿಮದಲ್ಲಿ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಎರಡನೇದಾದ್ಮೇಲೆ ವಿಗಿಲ್ ಬೋಲ್ಟು ಎಳೆದ, ಹೊಡೆದ. ಅಷ್ಟೇ. ಯಾರೂ ಎಲ್ಲಿಗೂ ಹೋಗ್ಲಿಲ್ಲ."

ನಾನು ಒಲೆಯ ಬಾಗಿಲು ಮುಚ್ಚಿದೆ.

"ಹಲಗೆ ನೋಡದೆ ದುರ್ಬೀನು ತಿರುಗಿಸೋ ಮಗ ನಮ್ಮಪ್ಪನಿಗೆ ಹುಟ್ಟಿಲ್ಲ ಬುರ್ಗಿ."

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ವಿಗಿಲ್‌ನ ಮೇಲೆ, ನನ್ನ ಮೇಲೆ, ಸತ್ತ ವೇವಿಯ ಮೇಲೆ ಕೂಡ.

"ನಟ್ಟನಡುವೆ ಇತ್ತು," ಎಂದೆ. "ಬೊಟ್ಟಿನ ನಟ್ಟನಡುವೆ."

"ಗೊತ್ತು." ಅವನು ನನ್ನ ಮೊಣಕೈ ತಟ್ಟಿದ. "ಸುಳ್ಳು ಹೇಳೋಕೂ ಬರಲ್ಲ ನಿಮ್ಮಿಬ್ಬರಿಗೆ. ಇಷ್ಟು ವಯಸ್ಸಾಯ್ತು."

ಆಮೇಲೆ ಅವನ ಮುಖ ಮುದುಡಿತು. ಅವನು ಅತ್ತ. ಲಕ್ವ ಹೊಡೆದಾಗ ಅತ್ತಿರಲಿಲ್ಲ, ಹೆಂಡತಿ ಬಿಟ್ಟು ಹೋದಾಗ ಅತ್ತಿರಲಿಲ್ಲ. ಝೆಂಟಾ ಎದ್ದು ಬಂದು ಅವನ ತೊಡೆಯ ಮೇಲೆ ಗಲ್ಲ ಇಟ್ಟಳು. ನಾನು ಬಟ್ಟಲು ತೊಳೆದೆ, ಒರೆಸಿದೆ, ಮತ್ತೆ ತೊಳೆದೆ.

ನಾಳೆ ಅವನು ಏಳುವುದಿಲ್ಲ ಎಂದುಕೊಂಡೇ ಮನೆಗೆ ಹೋದೆ. ಆದರೆ ಶುಕ್ರವಾರ ಬೆಳಿಗ್ಗೆ ನಾನು ಝೆಂಟಾಳ ಜೊತೆ ವಿಗಿಲ್‌ನ ಅಡುಗೆಮನೆಗೆ ಹಾಲಿಗೆಂದು ಹೋದಾಗ ಕಾಸಿಯಾನ್ ಆಗಲೇ ಮೇಜಿನ ಮುಂದೆ ಕೂತಿದ್ದ. ಮೈಮೇಲೆ ಹೊಸ ಹಿಮ ಕರಗುತ್ತಿತ್ತು. ಮುಂದೆ ಹರಡಿದ ಬಟ್ಟೆಯ ಮೇಲೆ ಕೋವಿ, ಪಕ್ಕದಲ್ಲಿ ವಿಗಿಲ್‌ನ ದಪ್ಪ ನಳಿಗೆ. ವಿಗಿಲ್ ಗೋಡೆಗೆ ಒರಗಿ ನಿಂತಿದ್ದ, ಬೈಗುಳ ತಿಂದ ಹುಡುಗನ ಹಾಗೆ. ಇಬ್ಬರ ನಡುವೆ ಮಾತು ಮುಗಿದಿತ್ತೆಂದು ಕಾಣುತ್ತದೆ.

ಕಾಸಿಯಾನ್ ಬೋಲ್ಟು ತೆಗೆದಿಟ್ಟ. ಅಲೆನ್ ಕೀಯನ್ನು ಬಲಗೈಗೆ ಕೊಟ್ಟು, ಎಡಗೈಯಿಂದ ಆ ಬಲಗೈಯನ್ನೇ ಹಿಡಿದು ತಿರುಗಿಸಿದ. ಕೀ ಜಾರಿತು. ಮತ್ತೆ ಇಟ್ಟ. ಮತ್ತೆ ಜಾರಿ ನೆಲಕ್ಕೆ ಬಿತ್ತು. ವಿಗಿಲ್ ಮುಂದಕ್ಕೆ ಬಗ್ಗಿದ.

"ಮುಟ್ಬೇಡ," ಎಂದ ಕಾಸಿಯಾನ್.

ಹಾಲು ತಣ್ಣಗಾಯಿತು. ಹೊರಗೆ ಹಸು ಕೂಗಿತು, ಯಾರೂ ಹೋಗಲಿಲ್ಲ. ಕೊನೆಗೆ ಸ್ಕ್ರೂಗಳು ಸಡಿಲಾದವು. ಅವನು ತನ್ನ ಸಣ್ಣ ನಳಿಗೆಯನ್ನು ಎಳೆದು ತೆಗೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿದ. ಅಣ್ಣನ ದಪ್ಪ ನಳಿಗೆ ಕೂರಿಸಿದ. ಮುಂದಿನ ಸ್ಕ್ರೂ ಮೊದಲು, ಹಿಂದಿನದು ಆಮೇಲೆ. ಹಣೆಯ ಮೇಲೆ ಬೆವರು. ಬಿಗಿದ ಮೇಲೆ ದುರ್ಬೀನು ಕೂರಿಸಿ ಕೋವಿಯನ್ನು ಅಣ್ಣನ ಕಡೆ ತಳ್ಳಿದ.

"ಇನ್ಮೇಲೆ ಇದು ಹೀಗೇ ಇರತ್ತೆ. ಬದಲಿಸೋ ಕೆಲಸ ಇಲ್ಲ."

ಆಮೇಲೆ ಕೋಟಿನ ಒಳಜೇಬಿನಿಂದ ಆ ಸ್ಪ್ರೂಸ್ ಕೊಂಬೆ ತೆಗೆದ. ಸ್ವಲ್ಪ ಬಾಡಿತ್ತು. ಮುರಿಯಲಿಲ್ಲ. ಬಗ್ಗಿ ಇಡೀ ಕೊಂಬೆಯನ್ನು ಝೆಂಟಾಳ ಕೊರಳಪಟ್ಟಿಗೆ ಸಿಕ್ಕಿಸಿದ. ಹೊಡೆದವನ ಪಾಲು, ನಾಯಿಯ ಪಾಲು, ಎರಡೂ ಅವಳದೇ ಆಯಿತು. ಅದು ನನ್ನ ಎದೆಗೆ ನಾಟಿತು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

"ಹೋಗು," ಎಂದ ಅಣ್ಣನಿಗೆ. "ಹಲಗೆಗೆ ಒಂದು. ನಾನು ಎಣಿಸ್ತೀನಿ ಅಂತ ನೆನಪಿರಲಿ."

ವಿಗಿಲ್ ಹೋದ. ಗುಂಡಿನ ಸದ್ದು ಬಂತು. ಆಮೇಲೆ ಮೌನ. ಅವನು ನಡೆಯುತ್ತಿದ್ದಾನೆ, ಬೆರಳು ಹಾಕುತ್ತಿದ್ದಾನೆ, ವಾಪಸು ನಡೆಯುತ್ತಿದ್ದಾನೆ. ಕಾಸಿಯಾನ್ ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದ. ನಾವಿಬ್ಬರೂ ಎರಡನೆಯ ಸದ್ದಿಗೆ ಕಾದೆವು. ಅದು ಬರಲಿಲ್ಲ. ಬೂಟಿನ ಹಿಮ ಕೊಡವುವ ಶಬ್ದ ಬಂತು.

"ನಡುವೆಯಾ?" ಎಂದು ಕೇಳಿದ ಕಾಸಿಯಾನ್.

ವಿಗಿಲ್ ನನ್ನ ಮುಖ ನೋಡಿದ, ಅವನ ಮುಖ ನೋಡಿದ.

"ನಡುವೆ," ಎಂದ. "ನಿಜವಾಗ್ಲೂ ನಡುವೆ."

ಕಾಸಿಯಾನ್ ತನ್ನ ಬಲಗೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಸ್ಕ್ರೂ ಬಿಗಿಯೋಕೆ ಇದು ಸಾಕು ಹಂಗಾದ್ರೆ," ಎಂದ.